ಯಾರೂ ಮುಡಿಯದ ಹೂವು

ಗಣೇಶ ಚೌತಿಯ ಹಿಂದಿನ ದಿನ ದುರ್ಗದಬೈಲನ್ನು ಕಂಡವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಕಾಲಿಡಲು ಜಾಗವಿರುವುದಿಲ್ಲ. ಬಾಳೆಕಂದು, ಮಾವಿನ ತೊಪ್ಪಲು, ಗರಿಕೆಯ ಕಟ್ಟು, ಚೆಂಡು ಹೂವಿನ ರಾಶಿ, ಸೇವಂತಿಗೆಯ ರಾಶಿ. ಆ ರಾಶಿಗಳ ನಡುವೆ ಸೀರೆಯ ನಿರಿಗೆ ಎತ್ತಿ ಹಿಡಿದು ದಾರಿ ಮಾಡಿಕೊಳ್ಳುವ ನಮ್ಮಂಥವರು. ೨೦೧೫ರ ಅಂಥ ಒಂದು ಸಂಜೆ ಶಾಲೆ ಬಿಟ್ಟವಳು ನೇರವಾಗಿ ಅಲ್ಲಿಗೇ ಹೋಗಿದ್ದೆ. ಗೋಣಿತಟ್ಟಿನ ಮೇಲೆ ಪತ್ರಿ ಹರವಿಕೊಂಡು ಕುಳಿತಿದ್ದ ಹಳ್ಳಿಯ ಮುದುಕಿಯೊಬ್ಬಳನ್ನು, "ತುಂಬಿ ಹೂ ಅದಾವೇನಬೇ?" ಎಂದು ಕೇಳಿದೆ.

ಆಕೆ ನನ್ನ ಮುಖ ನೋಡಿ ನಕ್ಕಳು. "ಈಗೆಲ್ಲಿ ತುಂಬಿ ಹೂರಿ ಅಕ್ಕಾರ? ಹೊಲಕ್ಕ ಕಸದ ಎಣ್ಣಿ ಹೊಡೀತಾರ. ಬದುವಿನ ಮ್ಯಾಲೂ ಏನೂ ಏಳಂಗಿಲ್ಲ. ಚೆಂಡ ಹೂ ಒಯ್ರಿ, ಛಲೋ ಅದಾವ."

ಚೆಂಡು ಹೂವನ್ನೇ ತಂದೆ. ಪೂಜೆಯೂ ಆಯಿತು. ಆದರೆ ಆಕೆಯ ಮಾತು ಮಾತ್ರ ಕಾಲಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಕೊಂಡಿತು. ಯಾಕೆಂದರೆ ತುಂಬೆ ಹೂವು ನಮ್ಮ ಮನೆಯಲ್ಲಿ ಕೊಂಡು ತರುವ ಹೂವಾಗಿರಲಿಲ್ಲ. ಅದು ನಮ್ಮ ಹಿತ್ತಲಲ್ಲೇ ಇತ್ತು. ಇಲ್ಲದ ಹಾಗೆ ಮಾಡಿದವಳು ನಾನು.

ನಮ್ಮ ಕಡೆಯ ಮಾತಿನಲ್ಲಿ 'ಮನೆ' ಮನಿಯಾಗುತ್ತದೆ, 'ಬೆಣ್ಣೆ' ಬೆಣ್ಣಿಯಾಗುತ್ತದೆ. ಹಾಗೆಯೇ 'ತುಂಬೆ' ತುಂಬಿಯಾಗುತ್ತದೆ. ಹೂವಿನ ಸುತ್ತ ಗುಂಯ್‌ಗುಡುವ ಕರಿಯ ದೊಡ್ಡ ದುಂಬಿಗೂ ತುಂಬಿ ಎಂದೇ ಹೆಸರು. ಚಿಕ್ಕಂದಿನಲ್ಲಿ ನನಗೆ ಇವೆರಡೂ ಒಂದೇ ಶಬ್ದ. ಹೂವೂ ತುಂಬಿ, ಅದರ ಜೇನು ಹೀರಲು ಬರುವುದೂ ತುಂಬಿ. ನಾವು ಹುಡುಗಿಯರು ಆ ಪುಟ್ಟ ಬಿಳಿಯ ಹೂವನ್ನು ಕಿತ್ತು ಹಿಂದಿನ ತುದಿಯನ್ನು ನಾಲಿಗೆಗೆ ಹಚ್ಚಿ ಸೀಪುತ್ತಿದ್ದೆವು. ಒಂದು ಹನಿಯೂ ಇರುತ್ತಿರಲಿಲ್ಲ, ಆದರೂ ಸಿಹಿ.

ನಮ್ಮದು ದುರ್ಗದಬೈಲಿನ ಹಿಂದಿನ ಓಣಿಯೊಂದರ ಹಳೆಯ ಮನೆ. ಮುಂದೆ ಪಡಸಾಲೆ, ನಡುವೆ ಕತ್ತಲ ಅಡಿಗೆಮನೆ, ಹಿಂದೆ ಒಂದಿಷ್ಟು ಹಿತ್ತಲು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅವ್ವನಿಗೆ ಆಗ ನಲವತ್ತು ತುಂಬಿರಲಿಲ್ಲ. ಆಮೇಲಿನದು ನಿಮಗೆಲ್ಲ ಗೊತ್ತಿದ್ದದ್ದೇ. ಕುಂಕುಮ ಹೋಯಿತು, ಬಳೆ ಹೋದವು. ದುರ್ಗದಬೈಲಿನ ಬಳೆಗಾರರ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದ ಅವ್ವ ಆ ಸಾಲನ್ನು ಬಳಸಿ ಬೇರೆ ದಾರಿಯಿಂದ ಹೋಗಲು ಕಲಿತಳು. ಹಬ್ಬದ ಆರತಿಗೆ ಅವಳನ್ನು ಯಾರೂ ಕರೆಯಲಿಲ್ಲ. ಹೂವನ್ನಂತೂ ಅವಳ ಮುಂದೆ ಯಾರೂ ಹಿಡಿಯುತ್ತಿರಲಿಲ್ಲ.

ಆದರೆ ಶ್ರಾವಣದ ಸೋಮವಾರ ಬಂತೆಂದರೆ ಅವ್ವ ನಸುಕಿನಲ್ಲೇ ಎದ್ದು ತಾಮ್ರದ ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಬಾಗಿ ಬಾಗಿ ಒಂದೊಂದೇ ತುಂಬೆ ಹೂವನ್ನು ಬಿಡಿಸುತ್ತಿದ್ದಳು. ಶಿವನಿಗೆ ತುಂಬೆ ಪ್ರೀತಿ ಎನ್ನುತ್ತಾರೆ. ಚೌತಿಯ ದಿನ ನಾಲ್ಕು ಹೂ ಗಣಪತಿಗೂ ಹೋಗುತ್ತಿದ್ದವು: "ಅಪ್ಪನ ಹೂ ಮಗಗೂ ಇರಲಿ" ಎಂದು. ಒಮ್ಮೆ ನಾನು, "ಇಷ್ಟ ಸಣ್ಣ ಹೂವಿಗೆ ಯಾಕಬೇ ಇಷ್ಟು ಒದ್ದಾಡ್ತಿ?" ಎಂದು ಕೇಳಿದ್ದೆ. ಅವ್ವ ತಲೆ ಎತ್ತದೆಯೇ ಹೇಳಿದಳು: "ಈ ಹೂ ಯಾರೂ ಮುಡಿಯೂದಿಲ್ಲವಾ. ಅದಕ್ಕ ಇದು ನಂದು."

ಆ ಮಾತು ನನಗೆ ಆಗ ತಿಳಿಯಲಿಲ್ಲ.

ನಾನು ಇತಿಹಾಸ ಕಲಿಸುವವಳು. ದುರ್ಗದಬೈಲ್ ಎಂಬ ಹೆಸರಿನಲ್ಲೇ ನಮ್ಮೂರಿನ ಅರ್ಧ ಇತಿಹಾಸವಿದೆ ಎಂದು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. ದುರ್ಗವೆಂದರೆ ಕೋಟೆ, ಬೈಲು ಎಂದರೆ ಬಯಲು. ಹಳೆಯ ಊರು ರಾಯರ ಹುಬ್ಬಳ್ಳಿ; ಅರಳೆಗೂ ಬಟ್ಟೆಗೂ ಹೆಸರಾದದ್ದು. ಇಂಗ್ಲಿಷ ವ್ಯಾಪಾರಿಗಳೂ ಇಲ್ಲಿ ಕೋಠಿ ಇಟ್ಟಿದ್ದರು. ೧೬೭೩ರಲ್ಲಿ ಶಿವಾಜಿಯ ದಂಡು ಊರನ್ನು ಲೂಟಿ ಮಾಡಿತು. ಮುಂದೆ ಮೊಗಲರು, ಅವರ ಕೆಳಗೆ ಸವಣೂರಿನ ನವಾಬರು. ಬಸಪ್ಪ ಶೆಟ್ಟರು ಎಂಬ ವ್ಯಾಪಾರಿ ಈ ಕೋಟೆಯ ಬಯಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ೧೭೫೫-೫೬ರಲ್ಲಿ ಊರು ಮರಾಠರ ಕೈಸೇರಿತು. ನಡುವೆ ಹೈದರಾಲಿಯ ಆಳಿಕೆ, ಮತ್ತೆ ಮರಾಠರು. ಕೊನೆಗೆ ೧೮೧೭ರಲ್ಲಿ ಹಳೆ ಹುಬ್ಬಳ್ಳಿ, ೧೮೨೦ರಲ್ಲಿ ಹೊಸ ಹುಬ್ಬಳ್ಳಿ ಇಂಗ್ಲಿಷರ ವಶವಾದವು.

ಇಷ್ಟನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೇನೆ. ಆದರೆ ಆ ಬಯಲಿನಲ್ಲಿ ಏನು ಹೂ ಬಿಡುತ್ತಿತ್ತು ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಬಯಲು ಎಂದ ಮೇಲೆ ಮಳೆಗಾಲದಲ್ಲಿ ಅಲ್ಲಿ ಗರಿಕೆ ಚಿಗುರದೆ, ತುಂಬೆ ಉತ್ತರಾಣಿ ಏಳದೆ ಇದ್ದಾವೆಯೆ? ಈಗ ಅಲ್ಲಿ ಅಂಗೈ ಅಗಲದ ಬರಿ ನೆಲವಿಲ್ಲ. ಬಯಲು ಹೋಗಿ ಹೆಸರು ಉಳಿದಿದೆ. ಅಲ್ಲಿಯ ಹೂವು ಹೋಗಿ ಹೂವಿನ ಪೇಟೆ ಉಳಿದಿದೆ.

ಮುದುಕಿಯ ಮಾತು ಕೇಳಿಬಂದ ಮೇಲೆ, ನಮ್ಮ ಸೀಮೆಯ ಕಾಡುಹೂಗಳ ಬಗ್ಗೆ ಯಾರಾದರೂ ಬರೆದಿಟ್ಟಿದ್ದಾರೆಯೆ ಎಂದು ಹುಡುಕಿದೆ. ಬರೆದಿದ್ದಾರೆ, ಆದರೆ ಬಂದವರು ಬರೆದಿದ್ದಾರೆ. ಬಾಸೆಲ್ ಮಿಶನ್ನಿನ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್ಲರು ೧೮೫೩ರಲ್ಲಿ ಈ ದೇಶಕ್ಕೆ ಬಂದರು. ಧಾರವಾಡದಲ್ಲೂ ಇದ್ದರು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ ನಿಘಂಟಿನಲ್ಲಿ ಸುಮಾರು ೭೦,೦೦೦ ಶಬ್ದಗಳಿವೆ. ಅದರಲ್ಲಿ ಗಿಡಬಳ್ಳಿಗಳ ಹೆಸರು ಎಷ್ಟಿವೆಯೆಂದರೆ, ಪುಟ ತಿರುವಿದಲ್ಲೆಲ್ಲ ಒಂದು ಸೊಪ್ಪೋ ಹೂವೋ ಕೈಗೆ ತಾಗುತ್ತದೆ. ಥಿಯೋಡೋರ್ ಕುಕ್ ಎಂಬವರು ಪುಣೆಯ ವಿಜ್ಞಾನ ಕಾಲೇಜಿನಲ್ಲಿದ್ದವರು. ಮುಂಬಯಿ ಇಲಾಖೆಯ ಗಿಡಮರಗಳನ್ನೆಲ್ಲ ೧೯೦೧ರಿಂದ ೧೯೦೮ರವರೆಗೆ ಸಂಪುಟ ಸಂಪುಟವಾಗಿ ಬರೆದರು. ಆಗ ನಮ್ಮ ಧಾರವಾಡ ಜಿಲ್ಲೆ ಮುಂಬಯಿಗೇ ಸೇರಿತ್ತಲ್ಲ. ಅರಣ್ಯಾಧಿಕಾರಿ ಟಾಲ್ಬಟ್ಟರು ೧೯೦೯ ಮತ್ತು ೧೯೧೧ರಲ್ಲಿ ಇದೇ ಇಲಾಖೆಯ ಕಾಡಿನ ಗಿಡಗಳ ಬಗ್ಗೆ ಎರಡು ದೊಡ್ಡ ಸಂಪುಟ ತಂದರು.

ಅವರ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಒಂದು ಮಾತು ನನ್ನನ್ನು ಕಾಡುತ್ತದೆ. ಸಾಹೇಬರು ಗಿಡ ತೋರಿಸಿ "ಇದರ ಹೆಸರೇನು?" ಎಂದು ಕೇಳಿದಾಗ ಹೇಳಿದವರು ಯಾರು? ಸೊಪ್ಪು ಕೊಯ್ಯುವವರು, ಕಳೆ ತೆಗೆಯುವವರು, ಪೂಜೆಗೆ ಹೂ ಬಿಡಿಸುವವರು, ಬಾಣಂತಿಗೆ ಬೇರು ತೇಯ್ದು ಕೊಡುವವರು ನಮ್ಮಲ್ಲಿ ಹೆಚ್ಚಾಗಿ ಹೆಂಗಸರೇ. ಗಿಡದ ಹೆಸರು ಪುಸ್ತಕಕ್ಕೆ ಹೋಯಿತು. ಹೇಳಿದವಳ ಹೆಸರು ಹೋಗಲಿಲ್ಲ.

ಹೆಂಗಸರ ಪುಸ್ತಕವೇ ಬೇರೆ. ಅದು ಪಂಚಾಂಗದಲ್ಲಿದೆ. ಶ್ರಾವಣಕ್ಕೆ ತುಂಬೆ. ಭಾದ್ರಪದದ ಚೌತಿಗೆ ಇಪ್ಪತ್ತೊಂದು ಪತ್ರಿ. ಆ ಪಟ್ಟಿಯನ್ನು ಎಂದಾದರೂ ಗಮನವಿಟ್ಟು ಓದಿದ್ದೀರಾ? ಗರಿಕೆ, ಉತ್ತರಾಣಿ, ಮದ್ದುಗುಣಿಕೆ, ಎಕ್ಕೆ, ವಿಷ್ಣುಕ್ರಾಂತಿ: ಇವೆಲ್ಲ ನಾವು ಕಸವೆಂದು ಕಿತ್ತೆಸೆಯುವ ಗಿಡಗಳು. ಚೌತಿಯ ಮರುದಿನ ಋಷಿಪಂಚಮಿ. ಆ ವ್ರತ ಹಿಡಿದವರು ಉತ್ತರಾಣಿ ಕಡ್ಡಿಯಿಂದ ಹಲ್ಲುಜ್ಜುತ್ತಾರೆ, ಎತ್ತು ದುಡಿದ ಹೊಲದ ಕಾಳು ಉಣ್ಣದೆ ತಾನಾಗಿ ಬೆಳೆದ ಸೊಪ್ಪು ಗೆಡ್ಡೆಗಳನ್ನು ಉಣ್ಣುತ್ತಾರೆ. ಆಶ್ವೀಜದ ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತುಂಬಿದ ಬಸುರಿಯಂತಿರುವ ಭೂಮಿತಾಯಿಗೆ ಚರಗ ಚೆಲ್ಲುತ್ತೇವೆ. ಆಗ ಗುರೆಳ್ಳಿನ ಹೊಲ ಅರಿಷಿಣ ಬಳಿದಂತೆ ಹೂವಾಗಿರುತ್ತದೆ. ನೆರೆಯ ತೆಲಂಗಾಣದಲ್ಲಂತೂ ಇದೇ ದಿನಗಳಲ್ಲಿ, ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗೆ, ಹೆಂಗಸರು ತಂಗಡಿ ಹೂವನ್ನೂ ಅಣ್ಣೆ ಹೂವನ್ನೂ ಗೋಪುರದ ಹಾಗೆ ಪೇರಿಸಿ ಬತುಕಮ್ಮ ಎಂದು ಸುತ್ತಲೂ ಹಾಡಿ ಕುಣಿಯುತ್ತಾರೆ. ತಂಗಡಿ ಎಂದರೆ ನಮ್ಮ ಆವರಿಕೆಯೇ. ತೊಗಟೆಯಿಂದ ತೊಗಲು ಹದ ಮಾಡುವ, ಬೇಲಿಯ ಮಗ್ಗುಲಿನ ಆ ಹಳದಿ ಹೂವು ಅಲ್ಲಿ ರಾಜ್ಯದ ಹೂವಾಗಿದೆ.

ಯೋಚಿಸಿ ನೋಡಿದರೆ, ಮಳೆ ಹಿಂದೆಗೆಯುವ ಈ ಮೂರು ತಿಂಗಳು ಯಾವ ಹೂ ಯಾವಾಗ ಬಿಡುತ್ತದೆ ಎಂಬುದನ್ನು ನಮ್ಮ ಹಬ್ಬಗಳು ನೆನಪಿಟ್ಟುಕೊಂಡಿವೆ. ಹಬ್ಬಕ್ಕೆ ಬೇಕೆಂದು ಹೆಂಗಸರು ಆ ಗಿಡಗಳನ್ನು ಹಿತ್ತಲಲ್ಲಿ ಉಳಿಸಿದರು. ಪೇಟೆಯಲ್ಲಿ ಬೇರೆ ಹೂ ಸಿಗತೊಡಗಿದ ಮೇಲೆ ಆ ಬೇಕು ಎಂಬುದು ಹೋಯಿತು. ಬೇಕು ಹೋದ ಮೇಲೆ ಗಿಡ ಕಸವಾಯಿತು.

ಚೆಂಡು ಹೂವಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಮೆಕ್ಸಿಕೋ ಕಡೆಯ ಹೂವು, ಸಮುದ್ರ ದಾಟಿ ಬಂದು ನಮ್ಮ ಬಾಗಿಲ ತೋರಣವಾಯಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹಿರಿಯರೂ ಅದೇ ದಿಕ್ಕಿನಿಂದ ಬಂದವರೇ. ಸೇವಂತಿಗೆಯ ತವರು ಚೀನಾ, ಗುರೆಳ್ಳಿನ ತವರು ಆಫ್ರಿಕಾದ ಇಥಿಯೋಪಿಯ. ಸೊಸೆಯಾಗಿ ಬಂದವರು ಮನೆಯವರೇ ಆಗುತ್ತಾರೆ. ಆದರೆ ಸೊಸೆ ಬಂದಳೆಂದು ಅತ್ತೆಯನ್ನು ಹೊರಗೆ ಹಾಕುವುದುಂಟೆ?

ನಾನು ಮಾಡಿದ್ದು ಅದನ್ನೇ.

೧೯೯೮ರಲ್ಲಿ ನಮ್ಮ ಮನೆಗೆ ಸ್ವಲ್ಪ ಅನುಕೂಲ ಬಂತು. ನನ್ನ ನೌಕರಿ ಕಾಯಂ ಆಗಿತ್ತು. ಮದುವೆಯಾದ ಮೇಲೂ, ಒಬ್ಬಳೇ ಮಗಳೆಂದು, ನಾನೂ ನಮ್ಮವರೂ ಅವ್ವನ ಜೊತೆಗೇ ಇದ್ದೆವು. ಮಳೆಗಾಲದಲ್ಲಿ ಹಿತ್ತಲು ರಾಡಿಯಾಗುತ್ತದೆ, ಹುಳಹುಪ್ಪಡಿ ಬರುತ್ತವೆ, ಮಕ್ಕಳು ಸಣ್ಣವರು ಎಂದು ಪೂರ್ತಿ ಹಿತ್ತಲಿಗೆ ಶಹಾಬಾದಿ ಫರಸಿ ಹಾಸಿಸಿದೆ. ಸಂದುಗಳಿಗೆ ಸಿಮೆಂಟು ತುಂಬಿಸಿದೆ. ಒಂದು ಮೂಲೆಯಲ್ಲಿ ತುಳಸಿಕಟ್ಟೆ, ಎರಡು ಕುಂಡದಲ್ಲಿ ಕ್ರೋಟನ್ ಗಿಡ. ನೋಡಿದವರೆಲ್ಲ "ಎಷ್ಟು ಸ್ವಚ್ಛ ಆತ್ರಿ" ಎಂದರು. ಅವ್ವ ಏನೂ ಹೇಳಲಿಲ್ಲ. ಮುಂದಿನ ಶ್ರಾವಣ ಸೋಮವಾರ ನಾನು ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸೇವಂತಿಗೆ ತಂದು ಅವಳ ತಾಮ್ರದ ತಟ್ಟೆಗೆ ಸುರಿದೆ. ಅದಕ್ಕೂ ಏನೂ ಹೇಳಲಿಲ್ಲ. ಆಮೇಲೆ ಅವಳು ಹದಿನೈದು ವರ್ಷ ಬದುಕಿದ್ದಳು. ಹಿತ್ತಲಿಗೆ ಹೋಗುವುದನ್ನು ಮಾತ್ರ ಕಡಿಮೆ ಮಾಡಿದಳು. ವಯಸ್ಸಾಯಿತಲ್ಲ ಎಂದುಕೊಂಡೆ.

ಒಂದು ಸಲ ಮಾತ್ರ ಮಾತು ಬಂತು. ತುಳಸಿಕಟ್ಟೆಯ ಮಗ್ಗುಲಿಗೆ ದೊಡ್ಡ ಡಬ್ಬಿಯಲ್ಲಿ ಕುಂಬಳದ ಬಳ್ಳಿ ಹಬ್ಬಿಸಿದ್ದೆ. ಹೂವೇನೋ ಬಿಟ್ಟವು, ಹೀಚು ಮಾತ್ರ ಬೆಳ್ಳಗಾಗಿ ಉದುರುತ್ತಿದ್ದವು. ಗೊಬ್ಬರ ಸಾಲದೇನೋ ಎಂದೆ. ಅವ್ವ ಕುಳಿತಲ್ಲಿಂದಲೇ, "ಗೊಬ್ಬರ ಏನ್ ಮಾಡೀತು? ತುಂಬಿ ಬರೂದಿಲ್ಲಲ್ಲ" ಎಂದಳು. ಹೂ ಎಂದಳೋ ದುಂಬಿ ಎಂದಳೋ ನನಗೆ ಗೊತ್ತಾಗಲಿಲ್ಲ. ಈಗ ಅನಿಸುತ್ತದೆ, ಅವಳಿಗೂ ಅವೆರಡೂ ಒಂದೇ ಆಗಿದ್ದವು.

ಅವಳು ಹೇಳಿದ್ದು ನಿಜವೇ. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ನಸುಕಿಗೆ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತವೆ. ಅಷ್ಟರೊಳಗೆ ಜೇನು ಬಂದು ಅತ್ತಣ ಪರಾಗ ಇತ್ತ ತರಬೇಕು. ಗುರೆಳ್ಳೂ ಹಾಗೆಯೇ. ಒಂದು ಗಿಡದ ಪರಾಗ ಅದೇ ಗಿಡಕ್ಕೆ ನಡೆಯುವುದಿಲ್ಲ, ಇನ್ನೊಂದು ಗಿಡದ್ದೇ ಬೇಕು. ಜೇನಿಲ್ಲದಿದ್ದರೆ ನಮ್ಮ ರೊಟ್ಟಿಯ ಜೊತೆ ಗುರೆಳ್ಳು ಚಟ್ನಿಯೂ ಇಲ್ಲ. ೧೯೯೧-೯೨ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ಕರ್ನಾಟಕದ ತುಡುವೆ ಜೇನಿನ ಗೂಡುಗಳು ಬಹುಪಾಲು ಹಾಳಾದದ್ದನ್ನು ನೀವು ಕೇಳಿರಬಹುದು. ಅದು ರೋಗದ ಮಾತಾಯಿತು. ಆದರೆ ಜೇನುಗಳಿಗೆ ಉಪವಾಸದಿಂದಲೂ ಕುತ್ತು ಬರುತ್ತದೆ. ಬೆಳೆಯ ಹೂವು ಕೆಲವು ವಾರ ಮಾತ್ರ. ಅದರ ಹಿಂದೆ ಮುಂದೆ ಅವುಗಳ ಹೊಟ್ಟೆ ತುಂಬಿಸುವವು ಬದುವಿನ, ಬೇಲಿಯ, ಹಿತ್ತಲಿನ ಈ ಬೇಡದ ಹೂಗಳು.

ಇನ್ನೊಂದು ಸಂಗತಿ ಓದಿ ತಿಳಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ತುಂಬೆಗೆ ಬರುವ ಜೇನುಗಳಲ್ಲಿ ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂದು ಜಾತಿಯಿದೆ. ಅದು ಹೆಜ್ಜೇನಿನಂತೆ ಹಿಂಡುಕಟ್ಟಿ ಬಾಳುವುದಿಲ್ಲ. ಪ್ರತಿಯೊಂದು ಹೆಣ್ಣೂ ತಾನೊಂದೇ ಮಣ್ಣಿನಲ್ಲಿ ತೂತು ಕೊರೆದು, ಮೊಟ್ಟೆಯಿಟ್ಟು, ಮರಿಗೆ ಬುತ್ತಿ ತುಂಬಿಟ್ಟು ಹೋಗುತ್ತದೆ. ನಾನು ಹಾಸಿಸಿದ ಫರಸಿ ಹೂವನ್ನಷ್ಟೇ ಮುಚ್ಚಿರಲಿಲ್ಲ.

ಅವ್ವ ೨೦೧೩ರಲ್ಲಿ ತೀರಿಕೊಂಡಳು. ಮುದುಕಿಯ ಮಾತು ಕೇಳಿದ್ದು ೨೦೧೫ರಲ್ಲಿ. ೨೦೧೬ರ ಬೇಸಿಗೆ ರಜೆಯಲ್ಲಿ ಗೌಂಡಿಯನ್ನು ಕರೆಸಿ ಹಿತ್ತಲಿನ ಬಿಸಿಲು ಬೀಳುವ ಕಡೆ ಹನ್ನೆರಡು ಫರಸಿ ಕೀಳಿಸಿದೆ. "ಎಲ್ಲಾರೂ ಹಾಕಸ್ತಾರ, ನೀವೇನ್ರಿ ಕೀಳಸ್ತೀರಿ?" ಎಂದು ಆತ ಕೇಳಿದ. ಅಡಿಯ ಮಣ್ಣು ಇಟ್ಟಿಗೆಯಂತಾಗಿತ್ತು. ಕೆದಕಿ, ಒಣಗಿದ ಎಲೆ ಸಗಣಿಗೊಬ್ಬರ ಬೆರೆಸಿ, ಮಳೆಗೆ ಬಿಟ್ಟೆ. ಮೊದಲ ವರ್ಷ ಎದ್ದದ್ದು ಬರೀ ಪಾರ್ಥೇನಿಯಂ. ಅದು ೧೯೫೦ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಕಸ. ಮೈಗೆ ತಾಗಿದರೆ ಕೆರೆತ. ಹೂಬಿಡುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು ಕಿತ್ತೆ. ಕಾರ್ತೀಕ ಮಾಸದಲ್ಲಿ ನೃಪತುಂಗ ಬೆಟ್ಟದ ಮಗ್ಗುಲಿಗೆ ಹೋಗಿ ಒಣಗಿದ ತುಂಬೆಯ ತಲೆಗಳನ್ನು ಕಾಗದದಲ್ಲಿ ಕಟ್ಟಿ ತಂದೆ. ಆವರಿಕೆಯ ಬೀಜದ ಸಿಪ್ಪೆ ಬಲು ಗಟ್ಟಿ. ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ಊರಿದೆ. ಬೇಲಿಯ ಗೌರಿ ಹೂವಿನ ಆಸೆಯೂ ಇತ್ತು. ಅದರ ಗೆಡ್ಡೆ ಘೋರ ವಿಷ, ಮಕ್ಕಳು ಓಡಾಡುವ ಮನೆ ಎಂದು ಬಿಟ್ಟೆ.

ಎರಡನೆಯ ಮಳೆಗಾಲಕ್ಕೆ ತುಂಬೆ ಎದ್ದಿತು. ಜೊತೆಗೆ ಉತ್ತರಾಣಿ ತಾನಾಗಿ ಬಂತು. ನೆಲಕ್ಕಂಟಿ ವಿಷ್ಣುಕ್ರಾಂತಿಯ ನೀಲಿ ಚುಕ್ಕೆಗಳೂ ಕಂಡವು. ನಳದ ನೀರು ಬರುವ ದಿನ ಎಣಿಸಿ ಬದುಕಿದ ಊರು ನಮ್ಮದು. ಈ ಗಿಡಗಳು ಒಂದು ಕೊಡ ನೀರನ್ನೂ ಕೇಳಲಿಲ್ಲ. ನಾನು ಮಾಡುವುದಿಷ್ಟೇ: ಕಾರ್ತೀಕ ಮುಗಿದು ಬೀಜ ಉದುರುವ ತನಕ ಕತ್ತರಿ ಹಚ್ಚುವುದಿಲ್ಲ, ಔಷಧ ಹೊಡೆಯುವುದಿಲ್ಲ, ಒಂದಿಷ್ಟು ಮಣ್ಣನ್ನು ಬರಿದೇ ಬಿಡುತ್ತೇನೆ.

ಆವರಿಕೆ ಹೂವಿಗೆ ಬರುವ ಕರಿಯ ತುಂಬಿಯನ್ನು ನೀವು ಒಮ್ಮೆ ನೋಡಬೇಕು. ಆ ಹೂವಿನಲ್ಲಿ ಮಕರಂದವಿಲ್ಲ. ಇರುವುದು ಪರಾಗ, ಅದೂ ಕೊಳವೆಯಂಥ ಚೀಲದೊಳಗೆ, ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ. ತುಂಬಿ ಹೂವನ್ನು ತಬ್ಬಿ ಮೈನಡುಗಿಸಿ ಗುಂಯ್ ಎಂದಾಗ ಮಾತ್ರ, ಉಪ್ಪಿನ ಡಬ್ಬಿ ಝಾಡಿಸಿದ ಹಾಗೆ, ಹಳದಿ ಪುಡಿ ಉದುರುತ್ತದೆ. ಆ ಸದ್ದು ಹಾಡಲ್ಲ, ದುಡಿಮೆ. ಆವರಿಕೆಯ ಎಲೆಗೆ ತಿಳಿಬಣ್ಣದ ಪಾತರಗಿತ್ತಿಗಳು ಮೊಟ್ಟೆಯಿಡುತ್ತವೆ. ಎಲೆ ತೂತಾದರೆ ಈಗ ನನಗೆ ಬೇಸರವಿಲ್ಲ. ಕುಂಬಳದ ಬಳ್ಳಿ ಕಾಯಿ ಹಿಡಿಯುತ್ತಿದೆ. ಶಾಲೆಯ ಮಕ್ಕಳು ಕರೆದಾಗಲೆಲ್ಲ ಬಂದು ಎಣಿಸಿ ಬರೆದುಕೊಂಡು ಹೋಗುತ್ತಾರೆ.

ನಮ್ಮ ಓಣಿಯ ತುದಿಯ ಮನೆಯ ಹುಡುಗಿ ೨೦೨೧ರ ಕರೋನಾದಲ್ಲಿ ಗಂಡನನ್ನು ಕಳೆದುಕೊಂಡಳು. ಮೂವತ್ತೆರಡು ವರ್ಷ. ಈಗ ಕಾಲ ಬದಲಾಗಿದೆ, ಅವಳ ಬಳೆಯನ್ನು ಯಾರೂ ಒಡೆಯಲಿಲ್ಲ. ಆದರೂ ಹಬ್ಬದ ದಿನ ಅವಳ ಬಾಗಿಲಿಗೆ ಯಾರೂ ಹೋಗುವುದಿಲ್ಲ. ಕಳೆದ ಶ್ರಾವಣದ ಸೋಮವಾರ ಮುಂಜಾನೆ ಹಿತ್ತಲ ಬಾಗಿಲಲ್ಲಿ ನಿಂತು, "ಟೀಚರ್, ನಾಕ ತುಂಬಿ ಹೂ ಹರಕೊಳ್ಳಲೇನ್ರಿ?" ಎಂದು ಕೇಳಿದಳು. ಅವ್ವನ ತಾಮ್ರದ ತಟ್ಟೆ ತಂದುಕೊಟ್ಟೆ. ಅವಳು ಬಾಗಿ ಬಾಗಿ ಬಿಡಿಸುವುದನ್ನು ನೋಡುತ್ತ ನಿಂತೆ.

ಹೋಗುವಾಗ, ದೇವರಿಗೆಂದು ತಂದಿದ್ದ ಮಲ್ಲಿಗೆ ದಂಡೆಯಿಂದ ಒಂದು ಗೇಣು ಹರಿದು ಅವಳ ಮುಂದೆ ಹಿಡಿದೆ. "ತುಂಬಿ ದೇವರಿಗಿರಲಿ. ಇದನ್ನ ನೀ ಮುಡಕೊ" ಎಂದೆ. ನನ್ನ ಧ್ವನಿ ಸ್ವಲ್ಪ ನಡುಗಿರಬೇಕು. ಇಪ್ಪತ್ತೆಂಟು ವರ್ಷ ಅವ್ವನೊಂದಿಗೆ ಒಂದೇ ಸೂರಿನಡಿ ಇದ್ದು ಈ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ. ಅವಳದೇ ಆಗಿದ್ದ ಒಂದು ಹೂವನ್ನೂ ಕಲ್ಲಿನಡಿ ಮುಚ್ಚಿಬಿಟ್ಟಿದ್ದೆ.

ಹುಡುಗಿ ಅದನ್ನು ಮುಡಿಯಲಿಲ್ಲ. ತಿರುಗಿ ಕೊಡಲೂ ಇಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದಳು.